ಗೈಡ್‌ಗೆ ಆಟಿಸಂ ವಿಷಯ ಹೇಳಬೇಕಾ, ಬೇಡವಾ?

ಪ್ರಶ್ನೆ: ನಾನು 28 ವರ್ಷದ ಹುಡುಗಿ, ಊರು ಮಂಡ್ಯ. ಮೈಸೂರಿನಲ್ಲಿ ಬಯೋಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಇದು ಮೂರನೇ ವರ್ಷ. ದಿನಾ ರೈಲಿನಲ್ಲಿ ಓಡಾಟ. ಕಳೆದ ವರ್ಷ ಬೆಂಗಳೂರಿನಲ್ಲಿ ತಪಾಸಣೆ ಮಾಡಿಸಿಕೊಂಡೆ. ಆಟಿಸಂ ಇದೆ ಅಂದರು, ಅಂದರೆ ಹುಟ್ಟಿನಿಂದಲೇ ಮಿದುಳು ಬೇರೆ ಥರ ಕೆಲಸ ಮಾಡುವುದು. ಚಿಕ್ಕಂದಿನ ಎಷ್ಟೋ ಸಂಗತಿಗೆ ಅರ್ಥ ಸಿಕ್ಕಿತು, ಸಮಾಧಾನವೂ ಆಯಿತು. ಆದರೆ ಲ್ಯಾಬಿನಲ್ಲಿ ದಿನ ದೂಡುವುದು ಮೊದಲಿನಷ್ಟೇ ಕಷ್ಟ. ನನ್ನ ಮೇಜಿನ ಮೇಲಿನ ಟ್ಯೂಬ್‌ಲೈಟ್ ಸದಾ ಮಿಣಮಿಣ ಅನ್ನುತ್ತದೆ. ಗಿರಗಿರ ತಿರುಗುವ ಸೆಂಟ್ರಿಫ್ಯೂಜ್ ಯಂತ್ರದ ಸದ್ದು, ಫ್ರೀಜರ್ ಅಲಾರಂ ತಲೆ ತಿನ್ನುತ್ತವೆ. ಗೈಡ್ ಸರ್ ಕಾರಿಡಾರಿನಲ್ಲಿ ನಡೆಯುತ್ತಲೇ ನಾಲ್ಕು ಕೆಲಸ ಹೇಳುತ್ತಾರೆ, ನನ್ನಲ್ಲಿ ಉಳಿಯುವುದು ಎರಡು. ಸೆಮಿನಾರಿನಲ್ಲಿ ತಟ್ಟನೆ ಪ್ರಶ್ನೆ ಕೇಳಿದರೆ ಗೊತ್ತಿರುವುದೂ ಬಾಯಿಗೆ ಬರುವುದಿಲ್ಲ. ನಮ್ಮಲ್ಲೇ ಒಬ್ಬರಿಗೆ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ ತೊಂದರೆ), ಇನ್ನೊಬ್ಬರಿಗೆ ಡಿಸ್ಲೆಕ್ಸಿಯಾ (ಓದು ಬರಹದ ತೊಡಕು) ಇದೆ. ಮೂವರೂ ಸೇರಿ ವಿಭಾಗದಲ್ಲಿ ಕೆಲವು ಬದಲಾವಣೆ ಕೇಳೋಣ ಅಂತಿದ್ದೇವೆ. ಒಬ್ಬ ಸೀನಿಯರ್ ಹತ್ತಿರ ಮೆಲ್ಲಗೆ ವಿಷಯ ತೆಗೆದರೆ, ‘ಇದೆಲ್ಲ ಈಗಿನ ಫ್ಯಾಷನ್. ಸೈನ್ಸ್ ಮಾಡೋಕೆ ತಲೆ ಬೇಕು ಅಷ್ಟೆ’ ಅಂದರು. ಅಮ್ಮ ‘ಮದುವೆ ಆಗೋವರೆಗೂ ಯಾರ ಹತ್ರಾನೂ ಬಾಯಿ ಬಿಡಬೇಡ’ ಅಂತಾರೆ. ಗೈಡ್‌ಗೆ ಹೇಳಲಾ? ಹೇಳಿದರೆ ಪಿಎಚ್‌ಡಿಗೆ ತೊಂದರೆ ಆಗುತ್ತಾ? ನನ್ನಂಥವರು ಸೈನ್ಸ್‌ನಲ್ಲಿ ಉಳಿಯೋಕೆ ಆಗುತ್ತಾ?
(ಹೆಸರು ಬೇಡ, ಮಂಡ್ಯ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನೆ ಮೂರಿದ್ದರೂ ಭಯ ಒಂದೇ ಅನ್ನಿಸಿತು. ಹೇಳಿದರೆ ಎಲ್ಲರೂ ನಿಮ್ಮನ್ನು ನೋಡುವ ರೀತಿಯೇ ಬದಲಾದೀತು. ಹೇಳದಿದ್ದರೆ ಥೀಸಿಸ್ ಮುಗಿಯುವ ತನಕ ಹೀಗೇ ಹಲ್ಲು ಕಚ್ಚಿಕೊಂಡಿರಬೇಕು. ಇವೆರಡರ ನಡುವೆ ಬೇರೆ ದಾರಿಗಳೂ ಇವೆ, ಅಲ್ಲಿಗೆ ಬರುತ್ತೇನೆ. ಮೊದಲು ಆ ಸೀನಿಯರ್ ಮಾತನ್ನು ತೆಗೆದುಕೊಳ್ಳೋಣ. ಅದು ನಿಮ್ಮೊಳಗೂ ಸ್ವಲ್ಪ ಇಳಿದಿದೆ, ಇಲ್ಲದಿದ್ದರೆ ಕೊನೆಯ ಪ್ರಶ್ನೆಯನ್ನು ನೀವು ಕೇಳುತ್ತಿರಲಿಲ್ಲ.

ಇದು ಫ್ಯಾಷನ್ ಅಲ್ಲ. ಮೊದಲಿಗಿಂತ ಜಾಸ್ತಿ ಜನರಿಗೆ ಗೊತ್ತಾಗುತ್ತಿದೆ ಅನ್ನೋದು ನಿಜ. ಅದಕ್ಕೆ ಕಾರಣಗಳಿವೆ. ನಮ್ಮಂಥ ಮನಸ್ಸಿನ ತಜ್ಞರು ತಪಾಸಣೆಗೆ ಬಳಸುವ ಡಿಎಸ್‌ಎಂ ಅನ್ನುವ ಕೈಪಿಡಿಯ ಐದನೇ ಆವೃತ್ತಿ ಬಂದದ್ದು 2013ರಲ್ಲಿ. ಅಲ್ಲಿಯವರೆಗೆ ಒಬ್ಬರಿಗೇ ಆಟಿಸಂ, ಎಡಿಎಚ್‌ಡಿ ಎರಡೂ ಇದೆ ಅಂತ ಬರೆಯಲು ಅದು ಬಿಡುತ್ತಿರಲಿಲ್ಲ. ಆಸ್ಪರ್ಗರ್ ಅನ್ನುವ ಬೇರೆ ಹೆಸರೂ ಇತ್ತು. ಆಮೇಲೆ ಎಲ್ಲವೂ ಆಟಿಸಂ ಸ್ಪೆಕ್ಟ್ರಮ್ ಅನ್ನುವ ಒಂದೇ ಹೆಸರಿನ ಕೆಳಗೆ ಬಂತು.

ಹೆಣ್ಣುಮಕ್ಕಳದ್ದಂತೂ ಬೇರೆಯೇ ಕಥೆ. ನಾನು ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ಬ ತಾಯಿ ಒಂಬತ್ತನೇ ಕ್ಲಾಸಿನ ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿ ನನ್ನ ಎದುರು ಕೂತು ನಕ್ಕಳು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ‘ಮುಖ ನೋಡಿ ಮಾತಾಡ್ತಾಳಲ್ಲ, ಆಟಿಸಂ ಏನಿಲ್ಲ ಬಿಡಿ, ನಾಚಿಕೆ ಸ್ವಭಾವ ಅಷ್ಟೆ’ ಅಂತ ಹೇಳಿ ಕಳಿಸಿಬಿಟ್ಟೆ. ಅವಳು ನೋಡುತ್ತಿದ್ದದ್ದು ನನ್ನ ಕಣ್ಣನ್ನಲ್ಲ, ಎರಡು ಹುಬ್ಬಿನ ನಡುವಿನ ಜಾಗವನ್ನು. ಇದು ನನಗೆ ಗೊತ್ತಾಗಿದ್ದು ಹನ್ನೊಂದು ವರ್ಷ ಕಳೆದ ಮೇಲೆ, ಅವಳೇ ಮತ್ತೆ ಬಂದು ಹೇಳಿದಾಗ. ‘ಹಂಗೆ ನೋಡಿದ್ರೆ ಎದುರಿನೋರಿಗೆ ಗೊತ್ತಾಗಲ್ಲ ಸರ್’ ಅಂದಳು. ನನಗೂ ಗೊತ್ತಾಗಿರಲಿಲ್ಲ. ಇದನ್ನು ಮಾಸ್ಕಿಂಗ್ ಅನ್ನುತ್ತಾರೆ, ಅಂದರೆ ಎಲ್ಲರ ಹಾಗೇ ಕಾಣಿಸಿಕೊಳ್ಳಲು ದಿನವಿಡೀ ನಟಿಸುವುದು. ಹುಡುಗಿಯರು ಇದನ್ನು ಬೇಗ ಕಲಿಯುತ್ತಾರೆ, ಕಲಿಯದಿದ್ದರೆ ನಾವು ಬಿಡುವುದೂ ಇಲ್ಲ. ನಿಮಗೆ ಇಷ್ಟು ತಡವಾಗಿ ಗೊತ್ತಾದದ್ದಕ್ಕೆ ಇದೂ ಒಂದು ಕಾರಣ ಇದ್ದೀತು.

ಇನ್ನೊಂದು ತಪ್ಪು ತಿಳಿವಳಿಕೆ, ಇದು ಮಕ್ಕಳ ಕಾಯಿಲೆ ಅನ್ನುವುದು. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಗೇಟಿನ ಹತ್ತಿರ ಬೆಳಗ್ಗೆ ಹತ್ತು ನಿಮಿಷ ನಿಂತು ನೋಡಿ. ಮಗುವಿನ ಕೈ ಹಿಡಿದುಕೊಂಡು ಬರುವ ತಂದೆ ತಾಯಂದಿರು ಕಾಣುತ್ತಾರೆ. ಆ ಸಂಸ್ಥೆ ಅರವತ್ತರ ದಶಕದಿಂದ ಇದೆ. ಹಾಗಾದರೆ ಅಂದು ಬಂದ ಮಕ್ಕಳೆಲ್ಲ ಎಲ್ಲಿ ಹೋದರು? ದೊಡ್ಡವರಾದರು ಅಷ್ಟೆ. ಕೆಲವರು ಡಿಗ್ರಿ ಮಾಡಿದರು, ಕೆಲವರು ಎಂಎಸ್‌ಸಿಗೆ ಬಂದರು. ಗೇಟಿಗೆ ಬಾರದೇ ಬೆಳೆದವರು ಇನ್ನೂ ಎಷ್ಟೋ ಜನ. ಆಟಿಸಂ ವಯಸ್ಸಿನ ಜೊತೆ ಹೋಗುವುದಿಲ್ಲ, ಕಾಣುವ ರೀತಿ ಬದಲಾಗುತ್ತದೆ. ಎಲ್ಲರಿಗೂ ಒಂದೇ ಥರ ಇರುವುದೂ ಇಲ್ಲ. ಮಾತೇ ಬಾರದವರಿದ್ದಾರೆ, ಮಾತು ನಿಲ್ಲಿಸದವರೂ ಇದ್ದಾರೆ. ಬೌದ್ಧಿಕ ತೊಂದರೆ ಜೊತೆಗೆ ಇರುವವರೂ ಉಂಟು, ಇಲ್ಲದವರೂ ಉಂಟು.

ಇದಕ್ಕೆ ಉಲ್ಟಾ ಇನ್ನೊಂದು ಮಾತಿದೆ. ‘ಓ ಆಟಿಸಂ ಅಲ್ವಾ? ಹಂಗಾದ್ರೆ ಜೀನಿಯಸ್ಸು. ಐನ್‌ಸ್ಟೈನ್‌ಗೂ ಇತ್ತಂತೆ.’ ಸತ್ತವರನ್ನು ತಪಾಸಣೆ ಮಾಡಲು ನನಗೆ ಬರುವುದಿಲ್ಲ. ಹೊಗಳಿಕೆ ಥರ ಕಂಡರೂ ಇದು ಕೆಟ್ಟ ಭಾರ. ಜೀನಿಯಸ್ ಆಗಿದ್ದರೆ ಮಾತ್ರ ನಿಮ್ಮನ್ನು ಸಹಿಸಿಕೊಳ್ಳುತ್ತೇವೆ ಅನ್ನುವ ಷರತ್ತು ಅದರಲ್ಲಿ ಅಡಗಿದೆ. ಸಾಧಾರಣ ಒಳ್ಳೆಯ ಥೀಸಿಸ್ ಬರೆದು ಸಾಧಾರಣ ಒಳ್ಳೆಯ ಮೇಷ್ಟ್ರಾಗುವ ಹಕ್ಕು ಮಿಕ್ಕವರಿಗೆಲ್ಲ ಇದೆ. ನಿಮಗೂ ಇರಲಿ.

ಪದದ ಬಗ್ಗೆ ಒಂದು ಮಾತು. ಸರ್ಕಾರಿ ಕಾಗದಗಳಲ್ಲಿ ‘ಸ್ವಲೀನತೆ’ ಅಂತ ಬರೆಯುತ್ತಾರೆ. ತನ್ನಲ್ಲೇ ಲೀನವಾದವರು ಅನ್ನುವ ಅರ್ಥ. ನನಗೆ ಅದು ಒಗ್ಗುವುದಿಲ್ಲ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ತಮ್ಮಲ್ಲಿ ಲೀನವಾಗಿರುವುದಿಲ್ಲ. ಫ್ಯಾನಿನ ಸದ್ದು, ಪಕ್ಕದ ಕೋಣೆಯ ಮಾತು, ಯಾರದೋ ಸೆಂಟಿನ ವಾಸನೆ, ಹೀಗೆ ಹೊರಗಿನದೆಲ್ಲ ಜಾಸ್ತಿಯಾಗಿ ಒಳಗೆ ನುಗ್ಗಿ ಸುಸ್ತಾದವರು ಅವರು. ಹಾಗಾಗಿ ನಾನು ಆಟಿಸಂ ಅಂತಲೇ ಬರೆಯುತ್ತೇನೆ.

ಈಗ ನಿಮ್ಮ ಲ್ಯಾಬಿಗೆ ಬರೋಣ. ಟ್ಯೂಬ್‌ಲೈಟ್ ಮಿಣುಕುವುದು ನಿಮ್ಮ ಭ್ರಮೆಯಲ್ಲ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತಿನದು. ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಹೆಚ್ಚು ಕಡಿಮೆ ಆಗುತ್ತಲೇ ಇರುತ್ತದೆ. ಬಹಳಷ್ಟು ಜನರಿಗೆ ಅದು ಗೊತ್ತಾಗುವುದಿಲ್ಲ. ಚೋಕ್ ಅಥವಾ ಸ್ಟಾರ್ಟರ್ ಹಾಳಾಗಿದ್ದರೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಆದರೆ ಐದು ನಿಮಿಷದಲ್ಲಿ ಅವರ ಮಿದುಳು ಅದನ್ನು ಬದಿಗೆ ತಳ್ಳಿಬಿಡುತ್ತದೆ. ಮತ್ತೆ ಮತ್ತೆ ಬರುವ ಸದ್ದು, ಬೆಳಕನ್ನು ‘ಇದು ಹಳೇದು, ಬಿಡು’ ಅಂತ ತಳ್ಳುವ ಈ ಕೆಲಸ ಆಟಿಸಂ ಇರುವ ಹಲವರ ಮಿದುಳಿನಲ್ಲಿ ನಿಧಾನ. ಐದನೇ ನಿಮಿಷದ ಸೆಂಟ್ರಿಫ್ಯೂಜ್ ನಿಮಗೆ ಮೊದಲನೇ ನಿಮಿಷದ ಸೆಂಟ್ರಿಫ್ಯೂಜಿನಷ್ಟೇ ಹೊಸದು. ಅದಕ್ಕೂ ಮೊದಲು ನೀವು ಮಂಡ್ಯದಿಂದ ನಿಂತುಕೊಂಡು ಬಂದಿರುತ್ತೀರಿ, ಕಡಲೆಕಾಯಿ ಮಾರುವವರ ಕೂಗು, ಯಾರದೋ ಮೊಬೈಲಿನ ರೀಲ್ಸು, ಎಲ್ಲ ಕೇಳಿಕೊಂಡು. ಲ್ಯಾಬಿನ ಬಾಗಿಲು ತೆಗೆಯುವ ಹೊತ್ತಿಗೆ ದಿನದ ಶಕ್ತಿಯಲ್ಲಿ ಅರ್ಧ ಖರ್ಚಾಗಿರುತ್ತದೆ. ನಿಮ್ಮ ಜೊತೆಯವರಿಗೆ ದಿನ ಶುರುವಾಗುವುದೇ ಆವಾಗ.

ಸೆಮಿನಾರಿನಲ್ಲಿ ಬಾಯಿ ಕಟ್ಟುವುದಕ್ಕೂ ನಿಮಗೆ ವಿಷಯ ಗೊತ್ತಿದೆಯೋ ಇಲ್ಲವೋ ಅನ್ನುವುದಕ್ಕೂ ಸಂಬಂಧವಿಲ್ಲ. ಪ್ರಶ್ನೆ ಕೇಳಿದವರ ದನಿ, ಮುಖ, ಅದರ ಹಿಂದಿನ ಉದ್ದೇಶ, ಎಲ್ಲವನ್ನೂ ನೀವು ಒಂದೊಂದಾಗಿ ಲೆಕ್ಕ ಹಾಕುತ್ತಿರುತ್ತೀರಿ. ಉತ್ತರ ಬರುತ್ತದೆ, ಸ್ವಲ್ಪ ತಡವಾಗಿ. ಸಂಜೆ ರೈಲು ಶ್ರೀರಂಗಪಟ್ಟಣ ದಾಟುವಾಗ ಪೂರ್ತಿ ಉತ್ತರ, ರೆಫರೆನ್ಸ್ ಸಮೇತ, ತಲೆಯಲ್ಲಿ ಬಂದು ಕೂತಿರುತ್ತದೆ. ಹೌದಲ್ವಾ?

ಮಾತಿನ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ. ನಮ್ಮ ಮೈಸೂರು ಸೀಮೆಯಲ್ಲಿ ನೇರವಾಗಿ ‘ಇಲ್ಲ’ ಅನ್ನುವವರು ಕಡಿಮೆ. ‘ನೋಡೋಣ’ ಅನ್ನುತ್ತೇವೆ. ‘ನೋಡೋಣ ಬಿಡಿ’ ಅಂದರೆ ಖಂಡಿತ ಇಲ್ಲ ಅಂತ. ‘ಊಟ ಆಯ್ತಾ?’ ಅಂದರೆ ಊಟದ ವಿಚಾರಣೆಯಲ್ಲ, ನಮಸ್ಕಾರದ ಇನ್ನೊಂದು ರೂಪ. ಗೈಡ್‌ಗಳ ಭಾಷೆ ಇನ್ನೂ ಕಷ್ಟ. ಒಬ್ಬ ರಿಸರ್ಚ್ ವಿದ್ಯಾರ್ಥಿ ನನ್ನ ಹತ್ತಿರ ಬರುತ್ತಿದ್ದರು (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ). ಗೈಡ್ ಒಂದು ಡೇಟಾ ಫೈಲ್ ಕೊಟ್ಟು ‘ಇದನ್ನ ಒಂಚೂರು ನೋಡಿಬಿಡು’ ಅಂದರು. ಅವರು ನೋಡಿದರು. ಚೆನ್ನಾಗಿಯೇ ನೋಡಿದರು, ಎರಡು ಸಲ. ಮೂರು ವಾರ ಆದ ಮೇಲೆ ‘ಅನಾಲಿಸಿಸ್ ಎಲ್ಲಪ್ಪಾ?’ ಅಂತ ಬೈಗುಳ. ‘ನೋಡು ಅಂದ್ರಿ ಸರ್, ನೋಡಿದೀನಿ’ ಅಂದದ್ದಕ್ಕೆ ಉಡಾಫೆ ಅನ್ನುವ ಹೆಸರು ಬಂತು. ತಪ್ಪು ಯಾರದ್ದು? ಒಬ್ಬರು ಅಂದುಕೊಂಡದ್ದನ್ನು ಹೇಳಲಿಲ್ಲ, ಇನ್ನೊಬ್ಬರು ಹೇಳಿದ್ದನ್ನೇ ಹಿಡಿದರು. ಬ್ರಿಟನ್ನಿನ ಡೇಮಿಯನ್ ಮಿಲ್ಟನ್ 2012ರಲ್ಲಿ ಇದನ್ನೇ ಬರೆದರು. ಆಟಿಸಂ ಇರುವವರಿಗೆ ಎದುರಿನವರ ಮನಸ್ಸು ಅರ್ಥವಾಗುವುದಿಲ್ಲ ಅನ್ನುತ್ತೀರಿ, ಎದುರಿನವರಿಗೆ ಇವರ ಮನಸ್ಸು ಅರ್ಥವಾಗುತ್ತದೆಯೇ? ತೊಡಕು ಎರಡೂ ಕಡೆ ಇದೆ ಅಂತ. ಮಿಲ್ಟನ್ ಸಮಾಜಶಾಸ್ತ್ರದ ಸಂಶೋಧಕರು, ಅವರಿಗೂ ಆಟಿಸಂ ಇದೆ.

ಕತೆಯೊಂದನ್ನು ಕಿವಿಯಿಂದ ಕಿವಿಗೆ ದಾಟಿಸುವ ಆಟ ಗೊತ್ತಲ್ಲ? ಎಡಿನ್‌ಬರಾದ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಜೊತೆಗಾರರು ಅದನ್ನೇ ಪ್ರಯೋಗ ಮಾಡಿ 2020ರಲ್ಲಿ ಪ್ರಕಟಿಸಿದರು. ಆಟಿಸಂ ಇರುವವರೇ ಇದ್ದ ಸಾಲಿನಲ್ಲಿ ಕತೆ ಎಷ್ಟು ಉಳಿಯಿತೋ, ಇಲ್ಲದವರ ಸಾಲಿನಲ್ಲೂ ಅಷ್ಟೇ ಉಳಿಯಿತು. ಇಬ್ಬರೂ ಬೆರೆತ ಸಾಲಿನಲ್ಲಿ ಜಾಸ್ತಿ ಸೋರಿತು. ಆಮೇಲೆ ಇನ್ನೂ ದೊಡ್ಡದಾಗಿ ಮಾಡಿದಾಗ ಬೆರೆತ ಸಾಲಿನ ಆ ಸೋರಿಕೆ ಕಾಣಲಿಲ್ಲ. ಎರಡು ಸಲವೂ ನಿಂತ ಮಾತು ಒಂದು. ವಿಷಯ ದಾಟಿಸುವುದರಲ್ಲಿ ಆಟಿಸಂ ಇರುವವರು ಹಿಂದೆ ಬಿದ್ದಿಲ್ಲ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ‘ಸೈನ್ಸ್ ಮಾಡೋಕೆ ತಲೆ ಬೇಕು’ ಅಂದರಲ್ಲ ನಿಮ್ಮ ಸೀನಿಯರ್, ಎಂಥ ತಲೆ ಅಂತ ಅವರು ಯೋಚಿಸಿದ ಹಾಗಿಲ್ಲ. ಕೆನಡಾದಲ್ಲಿ ಮಿಶೆಲ್ ಡಾಸನ್ ಅಂತ ಒಬ್ಬರಿದ್ದಾರೆ. ಮೊದಲು ಮನೆಮನೆಗೆ ಟಪಾಲು ಹಂಚುತ್ತಿದ್ದವರು. ಆಟಿಸಂ ಇರುವ ಅವರು ಮಾಂಟ್ರಿಯಲ್‌ನ ಲಾರೆಂಟ್ ಮೋಟ್ರಾನ್ ಅವರ ಸಂಶೋಧನಾ ತಂಡ ಸೇರಿದರು. 2007ರಲ್ಲಿ ಅವರೇ ಮೊದಲ ಲೇಖಕಿಯಾಗಿ ಒಂದು ಪ್ರಬಂಧ ಬಂತು. ಆಟಿಸಂ ಇರುವ ಮಕ್ಕಳ ಬುದ್ಧಿ ಅಳೆಯಲು ಎಲ್ಲರೂ ವೆಕ್ಸ್‌ಲರ್ ಪರೀಕ್ಷೆ ಬಳಸುತ್ತಿದ್ದರು. ಅದರಲ್ಲಿ ಮಾತಿನಲ್ಲಿ ಉತ್ತರ ಕೊಡಬೇಕಾದದ್ದು ಬಹಳ. ಡಾಸನ್ ತಂಡ ಅದೇ ಮಕ್ಕಳಿಗೆ ಚಿತ್ರದ ವಿನ್ಯಾಸ ಪೂರ್ತಿ ಮಾಡುವ ರೇವನ್ಸ್ ಪರೀಕ್ಷೆಯನ್ನೂ ಕೊಟ್ಟಿತು. ಸರಾಸರಿ 30 ಪರ್ಸೆಂಟೈಲ್ ಮೇಲೆ ಹೋಯಿತು. ಮಕ್ಕಳು ಅವೇ, ಅಳತೆಗೋಲು ಮಾತ್ರ ಬೇರೆ. ಮೋಟ್ರಾನ್ 2011ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದು ಇದೇ ಧಾಟಿಯಲ್ಲಿ. ಆಟಿಸಂ ಇರುವವರು ಲ್ಯಾಬಿನಲ್ಲಿ ಇರುವುದು ವಿಜ್ಞಾನಕ್ಕೇ ಲಾಭ ಅಂತ.

ಟೆಂಪಲ್ ಗ್ರ್ಯಾಂಡಿನ್ ಹೆಸರು ಕೇಳಿರುತ್ತೀರಿ, ಅಮೆರಿಕದ ಕೊಲರಾಡೋ ಸ್ಟೇಟ್ ಯೂನಿವರ್ಸಿಟಿಯ ಪ್ರಾಣಿವಿಜ್ಞಾನದ ಪ್ರೊಫೆಸರ್, ಅವರಿಗೂ ಆಟಿಸಂ ಇದೆ. ಮಂಡ್ಯದವರಿಗೆ ಅವರ ಕೆಲಸ ಬೇಗ ಅರ್ಥವಾಗುತ್ತದೆ. ದೊಡ್ಡ ಫಾರ್ಮುಗಳಲ್ಲಿ ದನ ಸಾಗಿಸುವ ಕಿರಿದಾದ ಓಣಿಯಲ್ಲಿ ಅವು ಹೋಗುತ್ತಾ ಯಾಕೆ ತಟ್ಟನೆ ನಿಲ್ಲುತ್ತವೆ ಅಂತ ಗೊತ್ತಾಗದೆ ಕೆಲಸಗಾರರು ಹೊಡೆಯುತ್ತಿದ್ದರು. ಇವರು ತಾವೇ ಓಣಿಗೆ ಇಳಿದು ದನದ ಕಣ್ಣಿನ ಎತ್ತರಕ್ಕೆ ಬಗ್ಗಿ ನೋಡಿದರು. ನೇತಾಡುವ ಒಂದು ಸರಪಳಿ, ನೆಲದ ಮೇಲಿನ ನೆರಳು, ಅಷ್ಟೇ ಸಾಕಿತ್ತು ಅವು ಬೆದರಲು. ನಮ್ಮ ಕಡೆ ಎತ್ತು ಸಾಕಿದವರಿಗೆ ಇದು ಮೊದಲೇ ಗೊತ್ತು ಬಿಡಿ. ಆದರೆ ಅದನ್ನು ವಿಜ್ಞಾನವಾಗಿ ಬರೆದು, ಕಟ್ಟಡದ ನಕ್ಷೆಯಾಗಿ ಬಿಡಿಸಿದವರು ಅವರು. ಸಣ್ಣ ವಿವರವನ್ನು ಬದಿಗೆ ತಳ್ಳಲಾರದ ಮಿದುಳು ಅಲ್ಲಿ ಕೆಲಸಕ್ಕೆ ಬಂತು. ನಿಮ್ಮ ಟ್ಯೂಬ್‌ಲೈಟ್ ಹಿಂಸೆಯೂ ಅಲ್ಲಿಂದಲೇ ಹುಟ್ಟುವುದು.

ಹಾಗಾಗಿ ಕೊನೆಯ ಪ್ರಶ್ನೆಗೆ ಉತ್ತರ: ಉಳಿಯಬಹುದು, ಉಳಿದವರಿದ್ದಾರೆ. ಆದರೆ ಸುಮ್ನೆ ಹುರಿದುಂಬಿಸಿ ಕಳಿಸುವುದು ನನಗೆ ಇಷ್ಟವಿಲ್ಲ. ವರ್ಷಗಟ್ಟಲೆ ಮಾಸ್ಕಿಂಗ್ ಮಾಡಿ ದಣಿದು ಕುಸಿದವರನ್ನೂ ನೋಡಿದ್ದೇನೆ. ಇದಕ್ಕೆ ಆಟಿಸ್ಟಿಕ್ ಬರ್ನ್‌ಔಟ್ ಅನ್ನುತ್ತಾರೆ. ಅಮೆರಿಕದ ಡೋರಾ ರೇಮೇಕರ್, ಅವರೂ ಆಟಿಸಂ ಇರುವ ಸಂಶೋಧಕರೇ, 2020ರಲ್ಲಿ ಇದನ್ನು ಅಧ್ಯಯನ ಮಾಡಿ ಬರೆದರು. ಬರುತ್ತಿದ್ದ ಕೆಲಸವೂ ಕೈತಪ್ಪುತ್ತದೆ, ಸದ್ದು ಮೊದಲಿಗಿಂತ ಜಾಸ್ತಿ ಚುಚ್ಚುತ್ತದೆ, ಸುಸ್ತು ತಿಂಗಳುಗಟ್ಟಲೆ ಇರುತ್ತದೆ. ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ ಅದು. ಇಂಥ ಸೂಚನೆ ಕಂಡರೆ ಥೀಸಿಸ್ ಪಕ್ಕಕ್ಕಿಟ್ಟು ಮೊದಲು ನಮ್ಮಂಥವರನ್ನು ನೋಡಿ.

ಈಗ ಹೇಳುವುದೋ ಬೇಡವೋ ಅನ್ನುವುದು. ನನ್ನ ಅನುಭವದಲ್ಲಿ ಕೆಲಸ ಮಾಡಿದ್ದು ಇಷ್ಟು: ಮೊದಲು ಕೆಲಸದ ತೊಡಕನ್ನು ಹೇಳಿ. ಆಟಿಸಂ ಅನ್ನುವ ಹೆಸರನ್ನು, ಆ ಹೆಸರಿಲ್ಲದೆ ಸಿಗದ ಏನಾದರೂ ಯಾರ ಕೈಯಲ್ಲಿದೆಯೋ ಅವರಿಗೆ ಮಾತ್ರ ಹೇಳಿ.

ನಿಮಗೆ ಬೇಕಾದುದರಲ್ಲಿ ಮುಕ್ಕಾಲು ಪಾಲಿಗೆ ಹೆಸರೇ ಬೇಡ. ಕಾರಿಡಾರಿನ ಮಾತನ್ನೇ ತೆಗೆದುಕೊಳ್ಳಿ. ಸರ್ ನಾಲ್ಕು ಕೆಲಸ ಹೇಳಿ ಹೋದ ಹತ್ತು ನಿಮಿಷದೊಳಗೆ ಒಂದು ಮೇಲ್ ಹಾಕಿ. ‘ಸರ್, ಈಗ ನೀವು ಹೇಳಿದ್ದರಲ್ಲಿ ನಾನು ಬರೆದುಕೊಂಡದ್ದು ಇದು. ಬಫರ್ ಹೊಸದಾಗಿ ಮಾಡಿ ಜೆಲ್ ಇನ್ನೊಂದು ಸಲ ಓಡಿಸುವುದು. ಗುರುವಾರದೊಳಗೆ ಗ್ರಾಫ್ ಕಳಿಸುವುದು. ಇನ್ನೇನಾದರೂ ಬಿಟ್ಟಿದ್ದರೆ ತಿಳಿಸಿ.’ ಇಷ್ಟೇ. ಎರಡು ವಾರ ಬಿಡದೆ ಮಾಡಿ. ಹೆಚ್ಚಿನ ಗೈಡ್‌ಗಳಿಗೆ ಇದು ಇಷ್ಟವಾಗುತ್ತದೆ, ತಾವು ಏನು ಹೇಳಿದ್ದೆವು ಅಂತ ಅವರಿಗೇ ನೆನಪಿರುವುದಿಲ್ಲ. ಸೆಮಿನಾರಿಗೆ ‘ಪ್ರಶ್ನೆ ಬರೆದು ಕೊಟ್ಟರೆ ನಾಳೆಯೊಳಗೆ ಪೂರ್ತಿ ಉತ್ತರ ಕಳಿಸುತ್ತೇನೆ’ ಅನ್ನುವ ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳಿ. ಸದ್ದಿಗೆ ಇಯರ್‌ಪ್ಲಗ್. ಆದರೆ ಅದನ್ನು ಹಾಕುವ ಮೊದಲು ಒಂದು ಮಾತು ಹೇಳಿಬಿಡಿ. ಒಬ್ಬ ಹುಡುಗ ಹೇಳದೆ ಹಾಕಿಕೊಂಡು, ‘ನಾನು ಮಾತಾಡ್ತಿದ್ರೆ ಇವನು ಹಾಡು ಕೇಳ್ತಾನೆ’ ಅಂತ ಗೈಡ್ ಆರು ತಿಂಗಳು ಮುನಿಸಿಕೊಂಡಿದ್ದರು. ಫ್ರೀಜರ್ ಅಲಾರಂ ಹೊಡೆದಾಗ ಕಿವಿ ಮುಚ್ಚಿರಬಾರದು ಅನ್ನುವುದನ್ನೂ ನೆನಪಿಡಿ.

ಹೆಸರು ಹೇಳದೆ ಕೇಳುವುದರಲ್ಲಿ ಅಪಾಯ ಇಲ್ಲದಿಲ್ಲ. ‘ಅಡ್ಜಸ್ಟ್ ಮಾಡ್ಕೊಳಮ್ಮ’ ಅಂದರೆ ಮಾತು ಅಲ್ಲಿಗೆ ಮುಗಿಯಿತು. ನಿಮ್ಮದು ಬರೀ ಇಷ್ಟಾನಿಷ್ಟ ಅಂತ ಆಗುತ್ತದೆ.

ಆಗ ಎರಡನೇ ಹೆಜ್ಜೆ, ಗೈಡ್ ಒಬ್ಬರಿಗೇ ಹೇಳುವುದು. ಇದರಲ್ಲಿ ಎರಡೂ ಥರದ ಫಲ ನೋಡಿದ್ದೇನೆ. ಒಬ್ಬ ಗೈಡ್ ಕೇಳಿಸಿಕೊಂಡು ‘ಮೊದಲೇ ಹೇಳಬಾರದಿತ್ತಾ’ ಅಂದು, ಮರುದಿನದಿಂದ ಚೀಟಿಯಲ್ಲಿ ಬರೆದು ಕೊಡತೊಡಗಿದರು. ಇನ್ನೊಬ್ಬರು ‘ಅಯ್ಯೋ ಪಾಪ’ ಅಂದರು. ಆ ಪಾಪವೇ ಮುಳುವಾಯಿತು. ವಿದ್ಯಾರ್ಥಿಯನ್ನು ಫೀಲ್ಡ್‌ವರ್ಕ್‌ನಿಂದ ತೆಗೆದರು, ಕಾನ್ಫರೆನ್ಸಿಗೆ ಬೇರೆಯವರನ್ನು ಕಳಿಸಿದರು, ‘ನಿನಗೆ ಕಷ್ಟ ಆಗುತ್ತೆ ಅಂತ’. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಆದರೆ ನಷ್ಟ ನಷ್ಟವೇ. ಹಾಗಾಗಿ ಹೇಳುವ ಮೊದಲು ನಿಮ್ಮ ಸರ್ ಬೇರೆಯವರ ವಿಷಯದಲ್ಲಿ ಹೇಗೆ ನಡೆದುಕೊಂಡಿದ್ದಾರೆ ಅಂತ ನೋಡಿ. ಲ್ಯಾಬಿನಲ್ಲಿ ಯಾರಿಗೋ ಟಿಬಿ ಬಂದಾಗ, ಯಾರೋ ಹೆರಿಗೆ ರಜೆ ಕೇಳಿದಾಗ ಅವರು ಏನಂದರು? ಒಬ್ಬರ ವಿಷಯ ಇನ್ನೊಬ್ಬರ ಮುಂದೆ ಟೀ ಹೊತ್ತಿನಲ್ಲಿ ಮಾತಾಡುತ್ತಾರಾ? ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಹೇಳುವುದಾದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ, ಸಮಯ ಕೇಳಿಕೊಂಡು, ಒಂದು ಪುಟದ ಕಾಗದ ಕೈಯಲ್ಲಿಟ್ಟುಕೊಂಡು ಹೇಳಿ. ಕಾಗದದ ಮೇಲರ್ಧದಲ್ಲಿ ನೀವು ಚೆನ್ನಾಗಿ ಮಾಡುವ ಕೆಲಸ, ಕೆಳಗೆ ಬೇಕಾದ ಮೂರು ಬದಲಾವಣೆ. ‘ಯಾವುದರಿಂದಲೂ ನನ್ನನ್ನು ಕೇಳದೆ ಬಿಡಬೇಡಿ’ ಮತ್ತು ‘ಇದು ನಮ್ಮಿಬ್ಬರಲ್ಲೇ ಇರಲಿ’ ಅನ್ನುವ ಎರಡು ವಾಕ್ಯ ಬಾಯಲ್ಲೂ ಬರಲಿ, ಕಾಗದದಲ್ಲೂ ಇರಲಿ.

ಮೂರನೆಯದು ಕಾನೂನಿನ ದಾರಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ತೊಂದರೆಗಳಲ್ಲಿ ಆಟಿಸಂ ಇದೆ. ನಿಮ್ಮ ಗೆಳೆಯರ ಡಿಸ್ಲೆಕ್ಸಿಯಾ ಕಲಿಕಾ ನ್ಯೂನತೆಯ ಕೆಳಗೆ ಬರುತ್ತದೆ. ಎಡಿಎಚ್‌ಡಿಯ ಹೆಸರು ಆ ಪಟ್ಟಿಯಲ್ಲಿಲ್ಲ, ಇದನ್ನು ಮೂವರೂ ತಿಳಿದಿರಿ. ವಿದ್ಯಾಸಂಸ್ಥೆಗಳು ವ್ಯಕ್ತಿಯ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು ಅನ್ನುತ್ತದೆ ಕಾಯ್ದೆ, ಅತಿಯಾದ ಹೊರೆಯಾಗದ ಮಟ್ಟಿಗೆ. 40 ಪರ್ಸೆಂಟ್ ವೈಕಲ್ಯದ ಸರ್ಟಿಫಿಕೇಟ್ ಇದ್ದರೆ ಮಾತ್ರ ಅನುಕೂಲ ಅಂತ ಕಚೇರಿಯಲ್ಲಿ ಹೇಳುವವರಿರುತ್ತಾರೆ. 2021ರಲ್ಲಿ ವಿಕಾಸ್ ಕುಮಾರ್ ಅನ್ನುವವರು ಪರೀಕ್ಷೆಯಲ್ಲಿ ತಮ್ಮ ಪರವಾಗಿ ಉತ್ತರ ಬರೆಯುವವರು ಬೇಕು ಅಂತ ಕೇಳಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ. ಮೀಸಲಾತಿಗೆ 40 ಪರ್ಸೆಂಟ್ ಬೇಕು, ಅನುಕೂಲ ಕೇಳಲು ಅದೇ ಗಡಿ ಅಲ್ಲ ಅಂದಿತು.

ಸರ್ಟಿಫಿಕೇಟ್ ಬೇಕಾ? ಮುಂದೆ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವುದಾದರೆ ಉಪಯೋಗ ಇದೆ. ವಿಕಲಚೇತನರ 4 ಪರ್ಸೆಂಟ್ ಮೀಸಲಾತಿಯಲ್ಲಿ 1 ಪರ್ಸೆಂಟ್ ಆಟಿಸಂ, ಕಲಿಕಾ ನ್ಯೂನತೆ ಮುಂತಾದವುಗಳ ಗುಂಪಿಗಿದೆ. ಆದರೆ ಪಿಎಚ್‌ಡಿಗೆ ಹೆಚ್ಚು ಸಮಯ ಸಿಗಲಿ ಅಂತ ಮಾತ್ರ ಅದರ ಹಿಂದೆ ಓಡಬೇಡಿ. ಯುಜಿಸಿಯ 2022ರ ನಿಯಮದಲ್ಲಿ 6 ವರ್ಷ, ಮರುನೋಂದಣಿ ಮಾಡಿಸಿದರೆ ಇನ್ನು 2. ಅದರ ಮೇಲಿನ 2 ವರ್ಷದ ಸಡಿಲಿಕೆ ವಿಕಲಚೇತನರಿಗೆ ಇರುವ ಹಾಗೇ ಹೆಣ್ಣುಮಕ್ಕಳಿಗೂ ಇದೆ, ಒಟ್ಟು 10 ವರ್ಷ ಮೀರಬಾರದು. ಆ ಬಾಗಿಲು ನಿಮಗೆ ಹೇಗೂ ತೆರೆದಿದೆ. ಸರ್ಟಿಫಿಕೇಟಿಗೆ ಹೋದರೆ ಐಎಸ್‌ಎಎ ಅನ್ನುವ 40 ಅಂಶಗಳ ನಮ್ಮ ದೇಶದ ಅಳತೆಪಟ್ಟಿ ಬಳಸುತ್ತಾರೆ. ಅದರ ಪ್ರಶ್ನೆಗಳಲ್ಲಿ ಮಕ್ಕಳೇ ಕಣ್ಣಮುಂದೆ ಬರುತ್ತಾರೆ. ಚೆನ್ನಾಗಿ ಮಾತಾಡುವ 28ರ ಹೆಣ್ಣುಮಗಳು ಎದುರು ಕೂತರೆ ಸರ್ಟಿಫಿಕೇಟ್ ಕೊಡುವ ವೈದ್ಯರ ಮಂಡಳಿಯವರು ಗೊಂದಲಕ್ಕೆ ಬೀಳಬಹುದು. ಬೆಂಗಳೂರಿನ ವರದಿ, ಶಾಲೆಯ ದಿನಗಳ ಬಗ್ಗೆ ಅಮ್ಮ ಹೇಳುವ ವಿವರ, ಎರಡೂ ಜೊತೆಗಿರಲಿ.

ಅಮ್ಮನ ಮಾತು. ಅವರನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ, ಊರಿನ ಬಾಯಿ ಹೇಗಿರುತ್ತದೆ ಅಂತ ಅವರಿಗೆ ಗೊತ್ತು. ಲ್ಯಾಬಿನಲ್ಲಿ ಹೇಳಿದ್ದು ಸಂಬಂಧ ನೋಡುವವರ ಕಿವಿಗೆ ಬೀಳಬಹುದು, ಅದು ನಿಜವಾದ ಅಪಾಯವೇ. ಆದರೆ ಮುಚ್ಚಿಟ್ಟು ಮದುವೆ ಮಾಡುವುದಕ್ಕೆ ಮಾತ್ರ ಒಪ್ಪಬೇಡಿ. ಲ್ಯಾಬಿನಲ್ಲಿ ಎಂಟು ಗಂಟೆ ಮಾಸ್ಕಿಂಗ್ ಮಾಡಿ ಮನೆಗೆ ಬಂದು ಕೋಣೆಯಲ್ಲಿ ದೀಪ ಆರಿಸಿ ಕೂರುತ್ತೀರಲ್ಲ, ಮದುವೆಯಾದ ಮೇಲೆ ಆ ಕೋಣೆಯೂ ಇರುವುದಿಲ್ಲ. ಹುಡುಗನಿಗೆ ನೀವೇ, ಮಾತುಕತೆ ಗಟ್ಟಿಯಾಗುವ ಮೊದಲು ಹೇಳಿ. ಒಮ್ಮೆ ಅಮ್ಮನನ್ನೂ ಕರೆದುಕೊಂಡು ಬನ್ನಿ, ನನ್ನ ಹತ್ತಿರವೇ ಆಗಬೇಕೆಂದಿಲ್ಲ.

ಇನ್ನು ಮೂವರೂ ಸೇರಿ ವಿಭಾಗದಲ್ಲಿ ಕೇಳುವ ಯೋಚನೆ. ನನಗೆ ಖುಷಿಯಾಯಿತು, ಸ್ವಲ್ಪ ಹೆದರಿಕೆಯೂ ಆಯಿತು. ಇಂಥ ಕೆಲಸದಲ್ಲಿ ಮುಂದೆ ನಿಂತವರೇ ಪೋಸ್ಟರ್ ಆಗಿಬಿಡುತ್ತಾರೆ. ‘ಆಟಿಸಂ ದಿನ ಬಂತು, ನೀವೇ ಒಂದು ಭಾಷಣ ಮಾಡಿ’ ಅನ್ನುತ್ತಾರೆ. ಆಮೇಲೆ ಕಮಿಟಿ, ಆಮೇಲೆ ವರದಿ. ವರ್ಷ ಕಳೆದ ಮೇಲೆ ಪ್ರೋಗ್ರೆಸ್ ಎಲ್ಲಿ ಅಂತ ಕೇಳುವವರೂ ಅವರೇ. ವಾರಕ್ಕೆ ಎರಡು ಗಂಟೆಗಿಂತ ಜಾಸ್ತಿ ಇದಕ್ಕೆ ಕೊಡಬೇಡಿ. ಅಂತರರಾಷ್ಟ್ರೀಯ ಆಟಿಸಂ ಸಂಶೋಧನಾ ಸಂಘ ಇನ್‌ಸಾರ್‌ನಲ್ಲಿ ಆಟಿಸಂ ಇರುವ ಸಂಶೋಧಕರದ್ದೇ ಒಂದು ಸಮಿತಿ ಇದೆ. ಅವರಿಗೆ ಸಂಘದ ಬೆನ್ನೆಲುಬಿದೆ. ನಿಮಗೆ ಸದ್ಯಕ್ಕೆ ನೀವು ಮೂವರೇ. ಇನ್ನೊಂದು ಮಾತು, ಮೂವರಲ್ಲಿ ಒಬ್ಬರ ವಿಷಯವನ್ನು ಇನ್ನೊಬ್ಬರು ಎಲ್ಲೂ ಹೇಳಕೂಡದು. ಒಳ್ಳೆಯ ಉದ್ದೇಶಕ್ಕೂ ಕೂಡದು.

ಕೇಳುವುದನ್ನು ಯಾರ ಹೆಸರೂ ಇಲ್ಲದೆ, ಎಲ್ಲರಿಗೂ ಅಂತ ಕೇಳಿ. ಸೆಮಿನಾರಿನ ಸ್ಲೈಡ್ ಎರಡು ದಿನ ಮೊದಲೇ ಬರಲಿ. ಪ್ರಶ್ನೆಗಳನ್ನು ಚೀಟಿಯಲ್ಲೂ ಕೊಡಬಹುದು ಅಂತಾಗಲಿ. ಲ್ಯಾಬ್ ಮೀಟಿಂಗ್ ಮುಗಿದ ದಿನವೇ ಯಾರು ಏನು ಮಾಡಬೇಕು ಅಂತ ಗ್ರೂಪಿನಲ್ಲಿ ಬರೆಯಲಿ, ಸರದಿಯ ಮೇಲೆ. ಸೆಂಟ್ರಿಫ್ಯೂಜನ್ನು ಪಕ್ಕದ ಕೋಣೆಗೆ ಸಾಗಿಸಲಿ. ಹಳೇ ಪತ್ರಿಕೆಗಳನ್ನು ಪೇರಿಸಿಟ್ಟ ಒಂದು ಕೋಣೆ ಪ್ರತಿ ವಿಭಾಗದಲ್ಲೂ ಇರುತ್ತದೆ, ಅದನ್ನು ತೆರವು ಮಾಡಿ ಮಾತಾಡದೆ ಕೂರುವ ಜಾಗ ಮಾಡಲಿ. ಇದರಲ್ಲಿ ಆಟಿಸಂ ಅನ್ನುವ ಪದ ಎಲ್ಲೂ ಬರಲಿಲ್ಲ, ನೋಡಿದಿರಾ? ಹಳ್ಳಿಯಿಂದ ಬಂದು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಹೆದರುವ ಹುಡುಗನಿಗೂ ಚೀಟಿ ಬೇಕು. ಅಂಥವರು ನಿಮ್ಮ ಜೊತೆ ಸಹಿ ಹಾಕುತ್ತಾರೆ. ಮೂರು ಸಹಿ ಇದ್ದರೆ ಯಾರು ಯಾರು ಅಂತ ಎಲ್ಲರೂ ನೋಡುತ್ತಾರೆ, ಹದಿನೈದಿದ್ದರೆ ಪತ್ರ ಓದುತ್ತಾರೆ.

ಥೀಸಿಸ್ ಒಪ್ಪಿಸುವ ಮೊದಲಿನ ಕೊಲೊಕ್ವಿಯಂ, ಆಮೇಲಿನ ಮೌಖಿಕ ಪರೀಕ್ಷೆ ಅಂದರೆ ವೈವಾ ಹತ್ತಿರ ಬಂದಾಗ ಮಾತ್ರ ನಿಮ್ಮ ಹೆಸರಿನಲ್ಲೇ, ಬರಹದಲ್ಲೇ ಕೇಳಬೇಕಾದೀತು. ಒಂದು ಸಲಕ್ಕೆ ಒಂದೇ ಪ್ರಶ್ನೆ, ಉತ್ತರಕ್ಕೆ ಮೊದಲು ಅರ್ಧ ನಿಮಿಷ ಮೌನ, ನಡುವೆ ಐದು ನಿಮಿಷ ಬಿಡುವು, ಹಿಂದಿನ ದಿನ ಆ ಕೋಣೆಯಲ್ಲಿ ಒಮ್ಮೆ ನಿಂತು ನೋಡುವ ಅವಕಾಶ. ಆ ಹೊತ್ತಿಗೆ ಬೆಂಗಳೂರಿನ ವರದಿ ಬೇಕಾಗುತ್ತದೆ, ಒಂದು ಪ್ರತಿ ಮನೆಯಲ್ಲಿ ಭದ್ರವಾಗಿಡಿ. ಅದಕ್ಕಿನ್ನೂ ಸಮಯವಿದೆ.

ಟ್ಯೂಬ್‌ಲೈಟಿಗೆ ಪತ್ರ ಬರೆಯಬೇಡಿ, ಅದು ಮೂರು ಟೇಬಲ್ ಸುತ್ತಿ ಬರುವಷ್ಟರಲ್ಲಿ ವರ್ಷವಾಗುತ್ತದೆ. ಸೋಮವಾರ ಹೋದ ಕೂಡಲೇ ಅಟೆಂಡರ್‌ಗೆ ಹೇಳಿ ಎಲೆಕ್ಟ್ರಿಷಿಯನ್ ಕರೆಸಿ. ಚೋಕ್ ಹೋಗಿದೆಯಾ ನೋಡಿ ಅನ್ನಿ, ಆಗುವುದಾದರೆ ಎಲ್‌ಇಡಿ ಹಾಕಿಸಿ. ಅವರು ‘ನೋಡೋಣ ಬಿಡಿ’ ಅಂದರೆ ಏನು ಅರ್ಥ ಅಂತ ಈಗ ಗೊತ್ತಲ್ಲ, ಅವರು ಏಣಿ ಹತ್ತುವ ತನಕ ಅಲ್ಲೇ ನಿಂತಿರಿ.